849 ಅಂತ ತೋರಿಸಿ 1,207 ಕೇಳಿದರೆ?

307 ರೂಪಾಯಿ ಕಡಿಮೆ ಬಿತ್ತು. ಅಷ್ಟಕ್ಕೆ ಕೊಡಗಿನ ನಾಪೋಕ್ಲು ಬಸ್ ಸ್ಟ್ಯಾಂಡಿನಲ್ಲಿ, ಸುರಿಯೋ ಮಳೆಯಲ್ಲಿ, ಅಷ್ಟು ಜನರ ಮುಂದೆ ಕೈಚಾಚಿದೆ. ನಿನ್ನೆ ರಾತ್ರಿ ಕಣ್ಣು ಮುಚ್ಚೋಕಾಗಲಿಲ್ಲ.

ಅಮ್ಮನಿಗೆ ಆನ್‌ಲೈನಿನಲ್ಲಿ ಗಂಬೂಟು ತರಿಸೋಣ ಅಂತ ನೋಡಿದಾಗ ಫೋನಿನಲ್ಲಿ ತೋರಿಸಿದ್ದು 849. ಹಸಿರು ಅಕ್ಷರದಲ್ಲಿ, ‘ಕೂಪನ್ ಅನ್ವಯವಾಗಿದೆ, 250 ರೂಪಾಯಿ ಉಳಿಸಿದ್ದೀರಿ’ ಅಂತ. ಅಮ್ಮನಿಗೂ ತೋರಿಸಿದ್ದೆ. ಆ ಕೂಪನ್ ಸುಮ್ನೆ ಸಿಕ್ಕಿದ್ದಲ್ಲ. ಎರಡು ರಾತ್ರಿ ಹುಡುಕಿದ್ದೇನೆ. ಕೂಪನ್ ಕೊಡುತ್ತೇವೆ ಅನ್ನೋ ಸೈಟುಗಳಲ್ಲಿ ‘ಕೋಡ್ ನೋಡಿ’ ಅಂತ ಒತ್ತಿದರೆ ಮೊದಲು ಅಂಗಡಿಯ ಪುಟ ತೆರೆದುಕೊಳ್ಳುತ್ತದೆ. ಆ ದಾರಿಯಲ್ಲಿ ಹೋಗಿ ನಾವು ಕೊಂಡರೆ ಅವರಿಗೆ ಕಮಿಷನ್. ಕೋಡ್ ಹಾಕಿದರೆ ಅವಧಿ ಮುಗಿದಿರುತ್ತದೆ. ಏಳನೆಯದೋ ಎಂಟನೆಯದೋ ಹತ್ತಿತು. ಪಕ್ಕದಲ್ಲೇ ಗಡಿಯಾರ ಓಡೋಕೆ ಶುರು, ಇನ್ನು 9 ನಿಮಿಷ ಮಾತ್ರ ಅಂತ.

ಆಗಲೇ ಕರೆಂಟ್ ಹೋಯಿತು. ಕಕ್ಕಡ ತಿಂಗಳ ಮಳೆ ಗಾಳಿ, ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಕರೆಂಟ್ ಹೋದರೆ ನಮ್ಮಲ್ಲಿ ಟವರ್ ಕೂಡ ಹೆಚ್ಚು ಹೊತ್ತು ನಿಲ್ಲಲ್ಲ. ಯುಪಿಐ ಸುತ್ತಿ ಸುತ್ತಿ ಫೇಲ್ ಆಯಿತು. ಕೊಡೆ ಹಿಡಿದು ಅಂಗಳದ ತುದಿಗೆ ಓಡಿದೆ. ಒಂದು ಕಡ್ಡಿ ಸಿಗ್ನಲ್ ಬಂದಾಗ ಕ್ಯಾಶ್ ಆನ್ ಡೆಲಿವರಿ ಒತ್ತಿದೆ. ಕೂಪನ್ ಆನ್‌ಲೈನ್ ಪೇಮೆಂಟಿಗೆ ಮಾತ್ರವಂತೆ! ಹಾಕುವಾಗ ಅಷ್ಟು ದೊಡ್ಡ ಹಸಿರು ಅಕ್ಷರ, ತೆಗೆಯುವಾಗ ಸದ್ದೇ ಇಲ್ಲ. ಸರಿಯಾಗಿ ನೋಡಬೇಕಿತ್ತು ಅಂತ ಯಾರೂ ನನಗೆ ಹೇಳಬೇಡಿ.

ಡೆಲಿವರಿ ಹುಡುಗ ತೋಟದ ತನಕ ಬರಲ್ಲ. ರಸ್ತೆ ಹಾಗಿದೆ, ಅವನ ತಪ್ಪಲ್ಲ. ಅಮ್ಮ ಡಬ್ಬಿಯಿಂದ ಎಣಿಸಿ 900 ಕೊಟ್ಟಿದ್ದರು. ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ದಿದ್ದೆ. ಪ್ಯಾಕೆಟ್ ನನ್ನ ಕೈಗಿಟ್ಟು ಅವನು ಎಣಿಸಿದ. ಇನ್ನೊಂದು ಸಲ ಎಣಿಸಿದ. “ಅಕ್ಕಾ, 1,207 ಕೊಡಬೇಕು” ಅಂದ.

“849 ಅಲ್ವಾ?”

ಪ್ಯಾಕೆಟ್ ತಿರುಗಿಸಿ ಬಿಲ್ ತೋರಿಸಿದ. ಗಂಬೂಟಿಗೆ 1,099. ಡೆಲಿವರಿಗೆ 49. ನಗದು ಕೊಡುವುದಕ್ಕೆ 59. ದುಡ್ಡು ಕೊಡೋದಕ್ಕೂ ದುಡ್ಡು! ಸ್ಕ್ಯಾನ್ ಮಾಡಿ ಅಂದ, ಇಬ್ಬರ ಫೋನಿನಲ್ಲೂ ನೆಟ್‌ವರ್ಕ್ ಇಲ್ಲ. ನಾಟಿ ಮುಗಿಸಿ ಬಂದ ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ಎಲ್ಲರೂ ಅಮ್ಮನನ್ನು ಬಲ್ಲವರೇ. “ದುಡ್ಡಿಲ್ಲದೆ ಯಾಕೆ ತರಿಸಿದ್ದು?” ಅಂತ ಒಬ್ಬರು ಪಕ್ಕದವರಿಗೆ ಅಂದಿದ್ದು ನನಗೆ ಕೇಳಿತು. ದುಡ್ಡಿತ್ತು. 849ಕ್ಕೆ ಬೇಕಾದಷ್ಟು ದುಡ್ಡಿತ್ತು! ಆ ಹುಡುಗ ನನ್ನ ಕೈಯಿಂದ ಪ್ಯಾಕೆಟ್ ವಾಪಸ್ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡ. ಅದೇ ಜಾಸ್ತಿ ಚುಚ್ಚಿತು. ಕೊನೆಗೆ ಸ್ಟ್ಯಾಂಡಿನ ಆಟೋ ಅಣ್ಣ ಒಬ್ಬರು ಏನೂ ಕೇಳದೆ 310 ತೆಗೆದು ಕೊಟ್ಟರು. ಅವರ ಮುಖ ನೋಡೋಕೆ ನನಗಾಗಲಿಲ್ಲ.

ಹೋಗಲಿ ಬಿಡು ಅಂದುಕೊಂಡೆ. ಗೋಣಿಕೊಪ್ಪದ ಅಂಗಡಿಯಲ್ಲಿ ಇಂಥದ್ದೇ ಬೂಟು 950ಕ್ಕೆ ಇತ್ತು, ಕೇಳಿದರೆ ಇನ್ನೂ ಸ್ವಲ್ಪ ಬಿಡುತ್ತಿದ್ದರು. ನನ್ನ ಹಣೆಬರಹ. ಆದರೆ ಇಲ್ಲ, ಬಿಡೋಕಾಗಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಮೋಸಗಳನ್ನು ಹೆಸರು ಹಿಡಿದು ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಬೆಲೆಯನ್ನೆಲ್ಲ ಮೊದಲೇ ಹೇಳದೆ ಕೊನೆಗೆ ಒಂದೊಂದೇ ಚಾರ್ಜ್ ಸೇರಿಸೋದು, ಎರಡೂ ಆ ಪಟ್ಟಿಯಲ್ಲಿವೆ. ದೂರು ಕೊಟ್ಟರೆ ಕಂಪನಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮವಿದೆ. ರಾತ್ರಿ ಟವರ್ ಬಂದ ಕೂಡಲೇ ಎಲ್ಲ ಬರೆದು ಕಂಪನಿಗೆ ಕಳಿಸಿದೆ. ಬೆಳಿಗ್ಗೆ ಬಂದ ಉತ್ತರ: ಮುಂದಿನ ಖರೀದಿಗೆ 100 ರೂಪಾಯಿ ಕೂಪನ್. ನಾನು ಕೂಪನ್ ಕೇಳಿದೆನಾ? 849 ಹೇಗೆ 1,207 ಆಯಿತು, ಅದನ್ನು ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ದು. ಯಾರಾದರೂ ಉತ್ತರ ಕೊಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಮೂರು ಸಲ ಕರೆ ಮಾಡಿದೆ, ಮೂರು ಸಲವೂ ಸಿಗ್ನಲ್ ಹೋಗಿ ಕಟ್ಟಾಯಿತು. ಮಾಡುತ್ತಲೇ ಇರುತ್ತೇನೆ.

ಅಮ್ಮನ ಹಳೆ ಬೂಟು ಹಿಮ್ಮಡಿಯಲ್ಲಿ ಸೀಳಿ, ದಿನಾ ಸಾಯಂಕಾಲ ಕಾಲಿನಿಂದ ಜಿಗಣೆ ಕೀಳಬೇಕಿತ್ತು. ಇವತ್ತು ಹೊಸದು ಹಾಕಿಕೊಂಡು ತೋಟಕ್ಕೆ ಹೊರಟರು. ಗೇಟಿನ ಹತ್ತಿರ ನಿಂತು, “ಮಿಕ್ಕಿದ 51 ರೂಪಾಯಿ ಡಬ್ಬಿಗೆ ಹಾಕಿದೆಯಾ?” ಅಂತ ಕೇಳಿದರು.

ಹಾಕಿದೆ ಅಂದೆ. ಆಮೇಲೆ ಒಳಗೆ ಹೋಗಿ ನನ್ನ ಪರ್ಸಿನಿಂದ ಹಾಕಿದೆ.