ಕೋಚ್‌ನ ಬೈಯೋರೆಲ್ಲ ಒಂದ್ಸಲ ಲೀಗ್ ಕಡೆ ತಿರುಗಿ ನೋಡ್ರಪ್ಪಾ

ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ, ಯಾರ ಹತ್ರನಾದ್ರೂ ಹೇಳ್ಕೊಳ್ಳದೆ ಇದ್ರೆ ನಿದ್ದೆ ಬರಲ್ಲ ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಬೇಜಾರಾದ್ರೆ ಬಿಟ್ಬಿಡಿ.

ಮೊನ್ನೆ 2025ರ ನವೆಂಬರ್ 18ಕ್ಕೆ ಢಾಕಾದಲ್ಲಿ ನಮ್ಮ ಇಂಡಿಯಾ ಫುಟ್‌ಬಾಲ್ ಟೀಮ್‌ನವರು ಬಾಂಗ್ಲಾದೇಶದ ಕೈಲಿ 1-0 ಸೋತ್ರಲ್ಲ, 22 ವರ್ಷ ಆಗಿತ್ತು ಅವರ ಕೈಲಿ ಸೋತು, 2003ರ ನಂತರ ಇದೇ ಮೊದಲು. ರಾತ್ರಿ ಊಟನೂ ಸೇರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಹುಡುಗರ ಪ್ರಾಕ್ಟೀಸ್ ಮುಗಿಸಿ ನಮ್ಮ ಚಿಕ್ಕಮಗಳೂರಿನ ಐಜಿ ರೋಡಲ್ಲಿ ನಾನು ದಿನಾ ಕಾಫಿ ಕುಡಿಯೋ ಕಡೆ ಬಂದು ಕೂತೆ ನೋಡಿ, ಪಕ್ಕದ ಟೇಬಲ್‌ನಲ್ಲಿ ಮೂರು ಜನ, ಆ ಕೋಚ್‌ನ ಮೊದ್ಲು ಓಡಿಸ್ಬೇಕು, ಇವನೂ ಅಷ್ಟೇ, ಫಾರಿನ್ ಅವನೇ ವಾಸಿ ಇದ್ದ ಅಂತ ಶುರು ಹಚ್ಕೊಂಡಿದಾರೆ. ಇದೇ ಮೂರು ಜನ ಹೋದ ವರ್ಷ ಫಾರಿನ್ ಕೋಚ್ ಯಾಕ್ರೀ ಬೇಕು ನಮ್ಮವನನ್ನೇ ಹಾಕ್ಬೇಕು ಅಂತಿದ್ರು! ನಂಗೆ ತಡ್ಕೊಳ್ಳೋಕಾಗ್ಲಿಲ್ಲ, ಇಂಡಿಯಾ ಕೋಚ್ ಆಗಿ ಖಾಲಿದ್ ಜಮೀಲ್ ಬಂದಿದ್ದು ಆಗಸ್ಟ್ ತಿಂಗಳಲ್ಲಿ ಕಣ್ರೀ, ಮೂರೂವರೆ ತಿಂಗಳು ಆಗಿದೆ, ಅವರ ಕೈಗೆ ನೀವು ಕೊಟ್ಟಿದ್ದಾದ್ರೂ ಏನು ಅಂತ ಜೋರಾಗೇ ಕೇಳ್ಬಿಟ್ಟೆ. ಅಂಗಡಿಯವರು ನನ್ನ ಮುಖ ನೋಡಿದ್ರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಈಗ ಇಲ್ಲಿ ಕೇಳ್ತೀನಿ. ಅಕ್ಟೋಬರ್‌ನಲ್ಲಿ ಸಿಂಗಾಪುರದ ಮೇಲೆ ಎರಡು ಮ್ಯಾಚ್ ಇತ್ತು, ಅಲ್ಲಿ ಹತ್ತು ಜನ ಆಡಿ ಕೊನೇ ನಿಮಿಷದಲ್ಲಿ ರಹೀಂ ಅಲಿ ಗೋಲ್ ಹೊಡ್ದು 1-1, ಆಮೇಲೆ 14ನೇ ತಾರೀಕು ಮಡಗಾಂವ್‌ನಲ್ಲಿ ಛಾಂಗ್ಟೆ ಮೊದ್ಲು ಗೋಲ್ ಹೊಡ್ದ್ರೂ 1-2 ಸೋತು 2027ರ ಏಷ್ಯನ್ ಕಪ್‌ನಿಂದ ಹೊರಗೆ. ಎಲ್ರೂ ಕೋಚ್‌ನ ಬೈದ್ರಿ. ಆದ್ರೆ ಆ ಹುಡುಗರು ಕೊನೇದಾಗಿ ಲೀಗ್ ಮ್ಯಾಚ್ ಆಡಿದ್ದು ಯಾವಾಗ ಅಂತ ಒಬ್ರಾದ್ರೂ ಯೋಚನೆ ಮಾಡಿದ್ರಾ? ನಮ್ಮ ದೊಡ್ಡ ಲೀಗ್ ಇಂಡಿಯನ್ ಸೂಪರ್ ಲೀಗ್, ಅಂದ್ರೆ ಐಎಸ್‌ಎಲ್, ಅದರ ಫೈನಲ್ ನಡೆದಿದ್ದು ಏಪ್ರಿಲ್ 12ಕ್ಕೆ. ಸೂಪರ್ ಕಪ್ ಮೇ 3ಕ್ಕೆ ಮುಗೀತು. ಆಮೇಲೆ ಜುಲೈನಲ್ಲಿ ಲೀಗ್ ನಡೆಸೋ ಕಂಪನಿ ಈ ಸೀಸನ್ ಸದ್ಯಕ್ಕಿಲ್ಲ ಅಂತು, ಯಾಕಂದ್ರೆ ದೇಶದ ಫುಟ್‌ಬಾಲ್ ನೋಡ್ಕೊಳ್ಳೋ ಫೆಡರೇಷನ್ ಜೊತೆಗಿನ 15 ವರ್ಷದ ಅಗ್ರಿಮೆಂಟ್ ಡಿಸೆಂಬರ್ 8ಕ್ಕೆ ಮುಗಿಯೋದಿತ್ತು, ಹೊಸದು ಆಗಿರ್ಲಿಲ್ಲ. ಕ್ಲಬ್‌ಗಳು ಪ್ರಾಕ್ಟೀಸ್ ನಿಲ್ಲಿಸಿದ್ವು, ನಮ್ಮ ಬೆಂಗಳೂರು ಎಫ್‌ಸಿನೇ ಆಗಸ್ಟ್‌ನಲ್ಲಿ ಸಂಬಳ ನಿಲ್ಲಿಸ್ತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಕೊನೆಗೆ ಲೀಗ್ ನಡೆಸೋಕೆ ಟೆಂಡರ್ ಕರೆದ್ರೆ ನವೆಂಬರ್‌ನಲ್ಲಿ ಒಂದೇ ಒಂದು ಬಿಡ್ ಬರ್ಲಿಲ್ಲ. ಒಂದೂ ಇಲ್ಲ! ನಡುವೆ ಡುರಾಂಡ್ ಕಪ್ ಒಂದು ಆಯ್ತು, ಅದಕ್ಕೂ ಎಲ್ಲಾ ಕ್ಲಬ್ ಬರ್ಲಿಲ್ಲ. ಅಂದ್ರೆ ಆರು ತಿಂಗಳು ಲೀಗ್ ಮ್ಯಾಚ್ ಮುಖ ನೋಡದ ಹುಡುಗರನ್ನ ಹಿಡ್ಕೊಂಡು ಒಬ್ಬ ಮನುಷ್ಯ ಕ್ವಾಲಿಫೈಯರ್ ಗೆಲ್ಬೇಕು. ಅಕ್ಕಿನೂ ಕೊಡದೆ ಸೌದೆನೂ ಕೊಡದೆ ಅನ್ನ ಆಯ್ತಾ ಅಂತ ಒಲೆ ಮುಂದೆ ನಿಂತು ಕೇಳಿದ ಹಾಗೆ.

ಇದು ಖಾಲಿದ್ ಒಬ್ಬರ ಕಥೆ ಆಗಿದ್ರೆ ನಾನು ಇಷ್ಟು ಉರಿದು ಬೀಳ್ತಿರ್ಲಿಲ್ಲ. ಒಂದೂವರೆ ವರ್ಷದಲ್ಲಿ ಮೂರು ಕೋಚ್ ನೋಡಿದ್ವಿ, ಮೂರು ಜನರ ಕುತ್ತಿಗೆಗೂ ಸುತ್ಕೊಂಡಿದ್ದು ಒಂದೇ ಹಗ್ಗ. ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ 2019ರಲ್ಲಿ ಬಂದವರು, ಬಾಯಿ ಜಾಸ್ತಿ ಇತ್ತು, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಎರಡು ಸಲ ರೆಡ್ ಕಾರ್ಡ್ ತಗೊಂಡಿದ್ದು ನಂಗೂ ಸರಿ ಕಾಣ್ಲಿಲ್ಲ. ಆದ್ರೆ ಆ ಮನುಷ್ಯ ವರ್ಷಗಟ್ಟಲೆ ಕೇಳಿದ್ದು ಒಂದೇ, ದೊಡ್ಡ ಟೂರ್ನಿಗೆ ಮುಂಚೆ ಹುಡುಗರನ್ನ ನಾಲ್ಕು ವಾರ ನನ್ನ ಕೈಗೆ ಕೊಡಿ ಅಂತ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಅದು ಫೀಫಾ ವಿಂಡೋ, ಅಂದ್ರೆ ದೇಶಗಳ ಮ್ಯಾಚಿಗೆ ಅಂತ ಫೀಫಾ ಗೊತ್ತು ಮಾಡಿದ ದಿನಗಳು, ಅಲ್ಲ, ಹಾಗಾಗಿ ಕ್ಲಬ್‌ಗಳು ಬಿಡ್ಲೇಬೇಕು ಅಂತ ರೂಲ್ ಇಲ್ಲ. ಐಎಸ್‌ಎಲ್ ಶುರುವಾಗೋದು 21ಕ್ಕೆ, ಚೀನಾ ಮೇಲೆ ಮ್ಯಾಚ್ 19ಕ್ಕೆ. ಲಿಸ್ಟ್‌ನಲ್ಲಿದ್ದ ಹೆಸರು ಒಂದೊಂದಾಗಿ ಉದುರಿ ಹೋದ್ವು, ಸಿಕ್ಕಿದವರನ್ನ ಕಟ್ಕೊಂಡು ಹಿಂದಿನ ದಿನ ಅಲ್ಲಿಗೆ ಹೋಗಿ ಇಳಿದು ಮಾರನೇ ದಿನ ಆಡಿ 1-5 ಸೋತ್ರು. ಆ ಎರಡು ತಾರೀಕನ್ನ ಪಕ್ಕಪಕ್ಕ ಇಟ್ಟಿದ್ದು ಯಾರು? ಸ್ಟಿಮಾಚ್ ಅಲ್ಲ.

ಅದಾದ್ಮೇಲೆ ಜನವರಿ 2024ರ ಏಷ್ಯನ್ ಕಪ್, ಡಿಸೆಂಬರ್ ಕೊನೇವರೆಗೂ ಲೀಗ್ ಮ್ಯಾಚ್ ಆಡಿಸಿ ದೋಹಾಗೆ ಕಳಿಸಿದ್ರು, ಎರಡು ವಾರ ಸಿಕ್ತು. ಆಸ್ಟ್ರೇಲಿಯಾ 0-2, ಉಜ್ಬೇಕಿಸ್ತಾನ್ 0-3, ಸಿರಿಯಾ 0-1. ಒಂದು ಗೋಲ್ ಹೊಡೀದೆ ವಾಪಸ್ ಬಂದ್ವಿ.

ಅದೇ ಕೋಚ್, ಹೆಚ್ಚುಕಮ್ಮಿ ಅದೇ ಹುಡುಗರು, ಟೈಮ್ ಸಿಕ್ಕಾಗ ಏನು ಮಾಡಿದ್ರು ಅನ್ನೋದನ್ನ ನಾನು ಕಣ್ಣಾರೆ ನೋಡಿದೀನಿ. 2023ರಲ್ಲಿ ಲೀಗ್ ಎಲ್ಲಾ ಮುಗಿದ ಮೇಲೆ ಮೇ ತಿಂಗಳಲ್ಲೇ ಭುವನೇಶ್ವರದಲ್ಲಿ ಕ್ಯಾಂಪ್ ಶುರುವಾಯ್ತು, ಜೂನ್‌ನಲ್ಲಿ ಲೆಬನಾನ್‌ನ 2-0 ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ರು, ಅಲ್ಲಿಂದ ಸೀದಾ ಬೆಂಗಳೂರಿಗೆ ಸ್ಯಾಫ್‌ಗೆ. ಜುಲೈ 4, ಫೈನಲ್, ಕುವೈತ್ ಮೇಲೆ. ನಾನು ಐದು ಹುಡುಗರನ್ನ ಕರ್ಕೊಂಡು ಬೆಳಿಗ್ಗೆ ಕೆಂಪು ಬಸ್ ಹತ್ತಿ ಬೇಲೂರು ಹಾಸನದ ಮೇಲೆ ಹೋಗಿದ್ದೆ, ಇಲ್ಲಿ ಮಳೆ ಸುರೀತಿತ್ತು, ಒದ್ದೆ ಬಟ್ಟೆಯಲ್ಲೇ ಕಂಠೀರವದಲ್ಲಿ ಕೂತಿದ್ವಿ. 1-1 ಆಗಿ ಪೆನಾಲ್ಟಿಗೆ ಹೋಗಿ ಗುರ್‌ಪ್ರೀತ್ ಕೊನೇ ಕಿಕ್ ತಡೆದಾಗ ನನ್ನ ಪಕ್ಕ ಕೂತಿದ್ದ ಹುಡುಗ ಅಳ್ತಾ ಇದ್ದ, ನಂಗೂ ಗಂಟಲು ಕಟ್ಟಿತ್ತು. ಆ ತಿಂಗಳು ಫೀಫಾ ರ‍್ಯಾಂಕಿಂಗ್‌ನಲ್ಲಿ ನಾವು 99. 2025ರ ನವೆಂಬರ್‌ನಲ್ಲಿ 142. ಎರಡೂ ಕಾಲು ವರ್ಷ ಅಷ್ಟೇ ಮಧ್ಯ ಇರೋದು. ಕ್ಯಾಂಪ್ ಕೊಟ್ಟಾಗ ಏನಾಯ್ತು, ಕಿತ್ಕೊಂಡಾಗ ಏನಾಯ್ತು, ಇದಕ್ಕಿಂತ ಸಾಕ್ಷಿ ಇನ್ನೇನು ಬೇಕ್ರೀ?

ಸ್ಟಿಮಾಚ್‌ನ 2024ರ ಜೂನ್‌ನಲ್ಲಿ ಕಳಿಸಿದ್ರು. ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಕೈಲಿ ಸೋತಿದ್ದು ಅವರ ತಪ್ಪೂ ಹೌದು, ಅದನ್ನ ನಾನು ಮುಚ್ಚಿಡಲ್ಲ. ಆಮೇಲೆ ಬಂದಿದ್ದು ಮನೋಲೊ ಮಾರ್ಕೆಸ್, ಗೋವಾ ಟೀಮ್‌ಗೂ ಕೋಚ್ ಇಂಡಿಯಾಗೂ ಕೋಚ್. ಒಂದು ಇಡೀ ಸೀಸನ್ ಎರಡು ಕಡೆ ಕಾಲು. ಗೋವಾಗೆ ಸೂಪರ್ ಕಪ್ ಗೆಲ್ಲಿಸಿಕೊಟ್ರು, ಇಂಡಿಯಾಗೆ ಎಂಟು ಮ್ಯಾಚಲ್ಲಿ ಗೆದ್ದಿದ್ದು ಒಂದು, ಅದೂ ಮಾಲ್ಡೀವ್ಸ್ ಮೇಲೆ. ಎರಡು ಕೆಲಸ ಮಾಡಿದ್ದೇ ಪಾಪ ಅಂತ ನಾನು ಹೇಳಲ್ಲ. ಹಿಂದಿನ ಕಾಲದ ಇಂಡಿಯಾ ಕೋಚ್ ನಮ್ಮ ಸೈಯದ್ ಅಬ್ದುಲ್ ರಹೀಂ ಸಾಹೇಬ್ರು ಹೈದರಾಬಾದ್ ಸಿಟಿ ಪೊಲೀಸ್ ಟೀಮ್‌ನ ಕಟ್ತಾನೇ 1951ರಲ್ಲಿ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರು. ಆದ್ರೆ ಆಗ ಇಂಡಿಯಾಗೆ ಬೇಕಾದ ಫಾರ್ವರ್ಡು, ಹಾಫ್ ಬ್ಯಾಕು ಎಲ್ಲಾ ಇಲ್ಲಿನ ಟೀಮ್‌ಗಳಲ್ಲೇ ಆಡ್ತಿದ್ರು, ಅವರ ಜಾಗದಲ್ಲಿ ಈಗಿನ ಹಾಗೆ ಫಾರಿನ್ ಆಟಗಾರರು ನಿಂತಿರ್ಲಿಲ್ಲ.

ಇದೇ ನಂಗೆ ಜಾಸ್ತಿ ಹೊಟ್ಟೆ ಉರಿಸೋ ವಿಷಯ. ಮನೋಲೊ 2025ರ ಮಾರ್ಚ್‌ನಲ್ಲಿ 40 ವರ್ಷದ, ರಿಟೈರ್ ಆಗಿದ್ದ ಸುನಿಲ್ ಛೆಟ್ರಿನ ವಾಪಸ್ ಕರೆಸಿದ್ರು. ಜನ ಕೋಚ್‌ಗೆ ತಲೆ ಕೆಟ್ಟಿದೆ ಅಂದ್ರು. ಇನ್ಯಾರನ್ನ ಕರೀಬೇಕಿತ್ತು? ಆ ಸೀಸನ್ ಲೀಗ್‌ನಲ್ಲಿ ಜಾಸ್ತಿ ಗೋಲ್ ಹೊಡೆದ ಇಂಡಿಯನ್ ಅದೇ ಛೆಟ್ರಿ, 14 ಗೋಲು! 2014ರಲ್ಲಿ ಐಎಸ್‌ಎಲ್ ಶುರುವಾದಾಗ ಹನ್ನೊಂದರಲ್ಲಿ ಆರು ಜನ ಫಾರಿನರ್ಸ್ ಆಡಬಹುದಿತ್ತು, ಆಮೇಲೆ ಐದಾಯ್ತು, 2021ರಿಂದ ನಾಲ್ಕು. ಕಮ್ಮಿ ಆಯ್ತು ಸರಿ, ಆದ್ರೆ ಆ ನಾಲ್ಕರಲ್ಲಿ ಒಬ್ಬ ಎಲ್ಲಿ ನಿಲ್ತಾನೆ ಹೇಳಿ? ಗೋಲ್ ಮುಂದೆನೇ. ಕ್ಲಬ್ ಓನರ್ ದುಡ್ಡು ಹಾಕಿರ್ತಾರೆ, ಗೆಲ್ಬೇಕು, ರೆಡಿ ಸ್ಟ್ರೈಕರ್ ತರ್ತಾರೆ, ಅವರ ಲೆಕ್ಕ ಅವರಿಗೆ. ನಮ್ಮ ಸ್ಟ್ರೈಕರ್ ವಿಂಗ್‌ಗೆ, ಅಂದ್ರೆ ಗ್ರೌಂಡಿನ ಪಕ್ಕದ ಗೆರೆ ಕಡೆಗೆ ಹೋಗ್ತಾನೆ, ಇಲ್ಲಾ ಎಪ್ಪತ್ತೈದನೇ ನಿಮಿಷಕ್ಕೆ ಬರ್ತಾನೆ. ವರ್ಷ ಪೂರ್ತಿ ವಿಂಗಲ್ಲಿ ಓಡಿದವನನ್ನ ಇಂಡಿಯಾ ಕೋಚ್ ಮೂರು ದಿನದ ಕ್ಯಾಂಪಲ್ಲಿ ನಂಬರ್ ನೈನ್, ಅಂದ್ರೆ ಗೋಲ್ ಹೊಡೆಯೋ ಮೇನ್ ಸ್ಟ್ರೈಕರ್ ಮಾಡ್ಬೇಕು.

ನಮ್ಮ ಹತ್ರ ಒಬ್ಬ ಹುಡುಗ ಇದಾನೆ, ಆಲ್ದೂರಿನ ಕಡೆ ತೋಟದ ಲೈನ್ ಮನೆಯವನು, ಹದಿನೇಳು ವರ್ಷ. ಬಾಕ್ಸ್ ಒಳಗೆ ಬಾಲ್ ಸಿಕ್ರೆ ಮುಗೀತು, ಎಡಗಾಲು ಬಲಗಾಲು ಎರಡೂ ಬರುತ್ತೆ, ಬೆನ್ನ ಮೇಲೆ ಡಿಫೆಂಡರ್ ಇಟ್ಕೊಂಡು ತಿರುಗೋದು ಅವನಿಗೆ ಯಾರೂ ಹೇಳ್ಕೊಟ್ಟಿದ್ದಲ್ಲ. ಈಗ ಹಣ್ಣು ಕುಯ್ಯೋ ಟೈಮು, ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆನೇ ತೋಟಕ್ಕೆ ಹೋಗ್ತಾರೆ, ಇವನು ತಂಗಿನ ಸ್ಕೂಲಿಗೆ ಬಿಟ್ಟು ಬರ್ಬೇಕು, ಆದ್ರೂ ವಾರಕ್ಕೆ ನಾಲ್ಕು ದಿನ ಮೊದಲ ಬಸ್‌ಗೆ ಗ್ರೌಂಡಿಗೆ ಬಂದು ಹೋಗ್ತಾನೆ. ಹೋದ ವರ್ಷ ಬೆಂಗಳೂರಲ್ಲಿ ಒಂದು ಟ್ರಯಲ್ಸ್‌ಗೆ ಕರ್ಕೊಂಡು ಹೋಗಿದ್ದೆ, ಯಾವ ಕ್ಲಬ್ ಅಂತ ಹೇಳಲ್ಲ. ಚೆನ್ನಾಗಾಡಿದ, ಎರಡು ಗೋಲ್ ಹೊಡ್ದ. ಮುಗಿದ ಮೇಲೆ ಅವರು ನನ್ನ ಪಕ್ಕಕ್ಕೆ ಕರೆದು ಹೇಳಿದ್ದು, ಸರ್ ಹುಡುಗ ಒಳ್ಳೇ ಹುಡುಗ, ಆದ್ರೆ ಸ್ಟ್ರೈಕರ್ ಆಗಿ ಮುಂದೆ ಚಾನ್ಸ್ ಸಿಗಲ್ಲ, ಈಗ್ಲಿಂದಾನೇ ವಿಂಗ್ ಬ್ಯಾಕ್, ಅಂದ್ರೆ ಪಕ್ಕದಲ್ಲಿ ನಿಂತು ಡಿಫೆನ್ಸ್ ಆಡೋದು ಕಲಿಸಿ. ವಾಪಸ್ ಬರೋವಾಗ ಬಸ್ಸಲ್ಲಿ ಅವನು ಏನೂ ಕೇಳ್ಲಿಲ್ಲ, ಕುಣಿಗಲ್ ದಾಟಿದ ಮೇಲೆ ಒಂದೇ ಮಾತು, ಅಣ್ಣಾ ನಾನು ಬ್ಯಾಕ್ ಆಡಿದ್ರೆ ಸೆಲೆಕ್ಟ್ ಮಾಡ್ತಾರಂತಾ ಅಂದ. ನಾನು ಹೂಂ ಅಂದೆ. ಆ ಹೂಂ ಇವತ್ತಿಗೂ ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ. ಹತ್ತು ವರ್ಷ ಆದ್ಮೇಲೆ ಇಂಡಿಯಾಗೆ ಗೋಲ್ ಹೊಡೆಯೋರಿಲ್ಲ ಅಂತ ಆಗಿನ ಕೋಚ್‌ನ ಬೈತೀರಲ್ಲ, ಆ ಗೋಲ್ ಹೋಗಿದ್ದು ಇಲ್ಲಿ.

ಇನ್ನು ಹುಡುಗರನ್ನ ಬಿಡೋ ವಿಷಯ. ಇದು ನಂಗೆ ಪೇಪರ್ ಓದಿ ಗೊತ್ತಾಗಿದ್ದಲ್ಲ, ಅನುಭವಿಸಿದೀನಿ. ಎರಡು ವರ್ಷದ ಹಿಂದೆ ಜಿಲ್ಲೆ ಟೀಮ್‌ನ ನೋಡ್ಕೊಳ್ಳಿ ಅಂತ ನಂಗೆ ವಹಿಸಿದ್ರು, ಸಂಬಳ ಗಿಂಬಳ ಏನಿಲ್ಲ, ಪ್ರೀತಿಗೆ ಒಪ್ಕೊಂಡೆ. ಹದಿನೆಂಟು ಜನರ ಲಿಸ್ಟ್ ಮಾಡಿದ್ದೆ. ಹೊರಡೋಕೆ ನಾಲ್ಕು ದಿನ ಇರೋವಾಗ ಒಂದು ಟೀಮ್‌ನವರು ಫೋನ್ ಮಾಡಿ ನಮ್ಮ ಐದು ಹುಡುಗರನ್ನ ಕಳಿಸಲ್ಲ, ಭಾನುವಾರ ಕ್ಯಾಶ್ ಪ್ರೈಜ್ ಟೂರ್ನಮೆಂಟ್ ಇದೆ ಅಂದ್ರು. ಕಾಲು ಹಿಡ್ಕೊಳ್ಳೋದೊಂದು ಬಾಕಿ. ಅಣ್ಣಾ ಶೂ ಕೊಡ್ಸಿದ್ದು ನಾವು, ಊಟ ಹಾಕಿದ್ದು ನಾವು, ನಿಮ್ಮ ಮ್ಯಾಚಲ್ಲಿ ಕಾಲು ಮುರ್ಕೊಂಡ್ರೆ ಯಾರು ನೋಡ್ತಾರೆ ಅಂತ ಅವರು ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ, ಅವರದ್ದು ತಪ್ಪು ಅಂತ ಈಗ್ಲೂ ಪೂರ್ತಿ ಹೇಳೋಕಾಗಲ್ಲ. ಮೂರು ಗೋಲಿಂದ ಸೋತು ಬಂದ್ವಿ. ಬಂದ ದಿನ ಕೇಳಿದ್ದು ಒಂದೇ, ಕೋಚಿಂಗ್ ಸರಿ ಇಲ್ಲ. ಬಿಡದೇ ಇದ್ದವರೂ ಅದನ್ನೇ ಅಂದ್ರು! ಆವತ್ತಿಂದ ಟಿವಿಯಲ್ಲಿ ಇಂಡಿಯಾ ಕೋಚ್ ಸೈಡ್‌ಲೈನ್‌ನಲ್ಲಿ ಕೈ ಕಟ್ಕೊಂಡು ನಿಂತಿದ್ದು ಕಂಡ್ರೆ ನಂಗೆ ಅವರ ಮೇಲೆ ಸಿಟ್ಟು ಬರಲ್ಲ.

ಖಾಲಿದ್‌ಗೆ ಆಗಸ್ಟ್‌ನಲ್ಲಿ ಆಗಿದ್ದೂ ಇದೇ. ಮಧ್ಯ ಏಷ್ಯಾದವರು ನಡೆಸೋ ಕಾಫಾ ಕಪ್ ಮೊದಲ ಮ್ಯಾಚ್ 29ಕ್ಕೆ, ಫೀಫಾ ವಿಂಡೋ ತೆಗೆಯೋದು ಸೆಪ್ಟೆಂಬರ್ 1ಕ್ಕೆ, ಮೋಹನ್ ಬಗಾನ್ ಕ್ಲಬ್ ತನ್ನ ಆಟಗಾರರನ್ನ ಕಳಿಸ್ಲಿಲ್ಲ. ಅಷ್ಟಿದ್ರೂ ಸಿಕ್ಕಿದ ಹುಡುಗರನ್ನ ಇಟ್ಕೊಂಡು ತಜಿಕಿಸ್ತಾನ್‌ನ ಅವರ ಊರಲ್ಲೇ 2-1 ಸೋಲಿಸಿದ್ರು, ಒಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಜಾಗ ತಂದ್ರು. ಆವತ್ತು ಆ ಕಾಫಿ ಅಂಗಡಿಯಲ್ಲಿ ಯಾರೂ ಒಂದು ಮಾತಾಡ್ಲಿಲ್ಲ. ಐಜ್ವಾಲ್‌ನಂಥ ಸಣ್ಣ ಊರಿನ ಟೀಮ್‌ನ 2016-17ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ ಮನುಷ್ಯ ಅವರು, ನಮ್ಮ ಲೀಗ್‌ನ ಒಳಗೂ ಹೊರಗೂ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದಾರೆ? ಅಂಥವರನ್ನ ತಂದು ಕೂರಿಸಿ, ಅವರು ಬಲ್ಲ ಲೀಗನ್ನೇ ನಿಲ್ಲಿಸಿಬಿಟ್ರಿ. ಶನಿವಾರ ಯಾವ ಗ್ರೌಂಡಿಗೆ ಹೋಗಿ ಯಾರನ್ನ ನೋಡ್ಬೇಕು ಅವರು?

ಕ್ಲಬ್‌ನವರು ನಮಗೆ ಲಾಸ್ ಅಂತಾರೆ, ನಿಜ. ಫೆಡರೇಷನ್‌ನವರು ಕೋರ್ಟಲ್ಲಿದೆ ಅಂತಾರೆ, ಅದೂ ನಿಜ. ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ನಮ್ಮ ಹುಡುಗರು. ಒಂದು ಟೇಬಲ್ ಮೇಲೆ ಒಂದು ಕ್ಯಾಲೆಂಡರ್ ಇಟ್ಕೊಂಡು, ಇಂಡಿಯಾ ಮ್ಯಾಚ್ ತಾರೀಕು ಮೊದ್ಲು ಬರೆದು, ಕೋಚ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಉಳಿದ ಜಾಗದಲ್ಲಿ ಲೀಗ್ ತುಂಬೋಕೆ ಇವರಿಗೆ ಏನು ಕಷ್ಟ? ನಮ್ಮೂರಲ್ಲಿ ಜಾತ್ರೆ ತಾರೀಕು ನೋಡ್ಕೊಂಡು ಮದುವೆ ಇಟ್ಕೊಳ್ತಾರೆ, ಅಷ್ಟು ತಿಳುವಳಿಕೆ ಎಲ್ರಿಗೂ ಇದೆ.

2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಮೇಲೆ ಮ್ಯಾಚ್ ಇದೆ. ಏಷ್ಯನ್ ಕಪ್ ಆಗ್ಲೇ ಕೈ ತಪ್ಪಿದೆ, ಆದ್ರೂ ಅದು ಇಂಡಿಯಾ ಮ್ಯಾಚ್, ನಾನು ನೋಡ್ತೀನಿ, ನಮ್ಮ ಹುಡುಗರೂ ನೋಡ್ತಾರೆ. ಅಷ್ಟರೊಳಗೆ ಲೀಗ್ ಶುರುವಾಗಿರುತ್ತಾ? ಖಾಲಿದ್ ಜಮೀಲ್‌ಗೆ ನೋಡಿ ಆರಿಸೋಕೆ ಕೊನೇಪಕ್ಷ ಹತ್ತು ಮ್ಯಾಚ್ ಆದ್ರೂ ಇರುತ್ತಾ? ಗೊತ್ತಿರೋರು ಯಾರಾದ್ರೂ ಹೇಳಿ, ನಾಳೆ ಗ್ರೌಂಡಲ್ಲಿ ಹುಡುಗರು ಕೇಳಿದ್ರೆ ನಂಗೆ ಏನಾದ್ರೂ ಹೇಳ್ಬೇಕು.