ಐದಕ್ಕೆ ಐದು

ಆಫೀಸಿನಲ್ಲಿ ಮತ್ತೆ ನೌಕರರ ಸರ್ವೆ ಬಂತು. ನಿಮಗೂ ಬಂದಿರುತ್ತೆ ಬಿಡಿ. 'ಮನಸ್ಸು ಬಿಚ್ಚಿ ಹೇಳಿ, ಎಲ್ಲವೂ ಗೌಪ್ಯ, ಹೆಸರು ಬೇಡ' ಅಂತ ಮೇಲೆ ದಪ್ಪ ಅಕ್ಷರ. ಕೆಳಗೆ ಖಾನೆಗಳು: ವಿಭಾಗ, ಹುದ್ದೆ, ವಯಸ್ಸು, ಸೇರಿ ಎಷ್ಟು ವರ್ಷವಾಯಿತು. ನಮ್ಮ ವಿಭಾಗದಲ್ಲಿರೋದೇ ಆರು ಜನ. ಅದರಲ್ಲಿ ಐವತ್ತು ದಾಟಿದವನು ನಾನೊಬ್ಬನೇ. ಇದರ ಬದಲು ಫೋಟೋ ಅಂಟಿಸಿ ಅಂದುಬಿಟ್ಟಿದ್ದರೆ ಟೈಪ್ ಮಾಡೋ ಶ್ರಮ ಉಳೀತಿತ್ತು.

ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟೆ. 'ನಿಮ್ಮ ಮೇಲಧಿಕಾರಿ ನಿಮ್ಮ ಮಾತಿಗೆ ಕಿವಿಗೊಡುತ್ತಾರಾ?' ಐದು. 'ಭಯವಿಲ್ಲದೆ ಅಭಿಪ್ರಾಯ ಹೇಳಬಹುದಾ?' ಭಯಪಟ್ಟುಕೊಂಡೇ ಐದು. ಹೋದ ವರ್ಷ ಹೊಸ ಹುಡುಗನೊಬ್ಬ ಎರಡು ಕೊಟ್ಟಿದ್ದ. 'ಆ ಎರಡು ಕೊಟ್ಟವರು ಯಾರು ಅಂತ ನನಗೆ ಬೇಕಾಗಿಲ್ಲ' ಅಂತ ಬಾಸ್ ಮೀಟಿಂಗಿನಲ್ಲಿ ಮೂರು ಸಲ ಹೇಳಿದರು. ಮೂರು ಸಲವೂ ಅವನನ್ನೇ ನೋಡಿಕೊಂಡು.

ಬಾಸ್ ಈಚೆಗೆ ಎರಡು ದಿನದ ನಾಯಕತ್ವ ಶಿಬಿರ ಮುಗಿಸಿ ಬಂದಿದ್ದಾರೆ. ಆಫೀಸಿನ ಕಲ್ಚರ್ ತಾನಾಗೇ ಬೆಳೆಯಲ್ಲ, ನಾಯಕನೇ ಅದನ್ನ ಬೆಳೆಸಬೇಕು ಅಂತ ಅಲ್ಲಿ ಹೇಳಿಕೊಟ್ಟರಂತೆ. ಮಾತೇನೋ ಸರಿಯಾಗೇ ಇದೆ. ಸೋಮವಾರದಿಂದಲೇ ಬೆಳೆಸೋಕೆ ಶುರು ಮಾಡಿದರು. ಮೊದಲು ಪೋಸ್ಟರ್. 'ಪಾರದರ್ಶಕತೆ' ಅನ್ನೋ ದೊಡ್ಡ ಪೋಸ್ಟರನ್ನು ಮೀಟಿಂಗ್ ರೂಮಿನ ಗಾಜಿನ ಗೋಡೆಗೆ ಅಂಟಿಸಿದ್ದಾರೆ. ಈಗ ಒಳಗೆ ಏನು ನಡೀತಿದೆ ಅಂತ ಹೊರಗಿನವರಿಗೆ ಕಾಣಲ್ಲ.

ಆಮೇಲೆ ಒತ್ತಡ ಕಡಿಮೆ ಮಾಡೋ ವೆಬಿನಾರ್. ಊಟದ ಹೊತ್ತಿಗೆ. ಹಾಜರಿ ಕಡ್ಡಾಯ, ಕ್ಯಾಮೆರಾ ಆನ್ ಇರಬೇಕು. ಉಸಿರು ಎಳೆದುಕೊಳ್ಳಿ ಅಂದರು ತರಬೇತಿಯವರು. ಎಳೆದುಕೊಂಡೆವು. ಬಿಡುವಷ್ಟರಲ್ಲಿ ಬಾಸ್ ಮೆಸೇಜು: 'ಆ ಫೈಲ್ ಏನಾಯ್ತು?'

ಪೋಸ್ಟರ್ ನೋಡಿದಾಗೆಲ್ಲ ನನಗೆ ಎನ್ರಾನ್ ನೆನಪಾಗುತ್ತೆ. ಅಮೆರಿಕದ ಆ ಇಂಧನ ಕಂಪನಿ 2000ದ ವಾರ್ಷಿಕ ವರದಿಯಲ್ಲಿ ತನ್ನ ನಾಲ್ಕು ಮೌಲ್ಯಗಳನ್ನು ಅಚ್ಚು ಹಾಕಿಸಿತ್ತು: ಸಂವಹನ, ಗೌರವ, ಪ್ರಾಮಾಣಿಕತೆ, ಉತ್ಕೃಷ್ಟತೆ. 2001ರ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಸಾಲವನ್ನು ಲೆಕ್ಕದ ಪುಸ್ತಕದಿಂದ ಆಚೆ ಬಚ್ಚಿಟ್ಟಿದ್ದರು. ಅಲ್ಲಿ ನೌಕರರನ್ನು ಸಾಲಾಗಿ ರ‍್ಯಾಂಕ್ ಮಾಡಿ, ತಳದಲ್ಲಿದ್ದವರನ್ನು ಮನೆಗೆ ಕಳಿಸೋ ಪದ್ಧತಿಯೂ ಇತ್ತು. ಪಕ್ಕದ ಕುರ್ಚಿಯವನು ಮುಳುಗಿದರೆ ನಾನು ಬದುಕಿದೆ ಅನ್ನೋ ಜಾಗದಲ್ಲಿ 'ಗೌರವ'! ಅದೇ ವರ್ಷ ಆಗಸ್ಟ್‌ನಲ್ಲಿ ಷೆರನ್ ವಾಟ್ಕಿನ್ಸ್ ಅನ್ನೋ ಅಧಿಕಾರಿ, ಲೆಕ್ಕ ಸರಿಯಿಲ್ಲ ಅಂತ ಅಧ್ಯಕ್ಷ ಕೆನ್ ಲೇಗೆ ಪತ್ರ ಬರೆದರು. ಮೊದಲು ಬರೆದಾಗ ಹೆಸರು ಹಾಕಿರಲಿಲ್ಲ. ಆಮೇಲೆ ಧೈರ್ಯ ಮಾಡಿ ಎದುರಿಗೇ ಹೋಗಿ ಹೇಳಿದರು. ಕೆಲವೇ ದಿನದಲ್ಲಿ ಕಂಪನಿಗೆ ವಕೀಲರ ಸಲಹೆ ಬಂತು. ಇಂಥ ದೂರು ಕೊಟ್ಟವರನ್ನು ಕೆಲಸದಿಂದ ತೆಗೆದರೆ ಕಾನೂನಿನ ತೊಡಕೇನು ಅಂತ. ನೋಡಿ, 'ಸಂವಹನ' ಎಷ್ಟು ಚುರುಕಾಗಿತ್ತು.

ಎರಡು ಕೊಟ್ಟಿದ್ದ ನಮ್ಮ ಹುಡುಗ ಹೇಳಿದ್ದು ಅಷ್ಟೆಲ್ಲ ದೊಡ್ಡ ವಿಷಯವೂ ಅಲ್ಲ. 'ಈ ತಾರೀಕಿಗೆ ಕೆಲಸ ಮುಗಿಯಲ್ಲ ಸಾರ್, ಇನ್ನಿಬ್ಬರು ಬೇಕು' ಅಂದಿದ್ದ, ಅಷ್ಟೇ. 'ನೆಗೆಟಿವ್ ಆಗಿ ಮಾತಾಡಬೇಡಪ್ಪ' ಅಂದರು ಬಾಸ್. ಇಬ್ಬರೂ ಬರಲಿಲ್ಲ, ತಾರೀಕೂ ತಪ್ಪಿತು. ಬಡ್ತಿ ಸಿಕ್ಕಿದ್ದು ಎಲ್ಲದಕ್ಕೂ 'ಆಗುತ್ತೆ ಸಾರ್' ಅಂದವನಿಗೆ. ನಮ್ಮ ಕಲ್ಚರ್ ಬೆಳೆದದ್ದು ಅವತ್ತು. ಪೋಸ್ಟರ್ ಇಲ್ಲದೇನೇ ಎಲ್ಲರಿಗೂ ಅರ್ಥವಾಯಿತು. ಹುಡುಗ ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟ.

ತಮಾಷೆ ಮಾಡೋಕೂ ಸುಸ್ತಾಗುತ್ತೆ ಕೆಲವು ಸಲ. ವಾರಕ್ಕೆ 55 ಗಂಟೆ, ಅದಕ್ಕೂ ಜಾಸ್ತಿ ದುಡಿದದ್ದಕ್ಕೆ 2016ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಹೃದ್ರೋಗ, ಪಾರ್ಶ್ವವಾಯುವಿನಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಕೊಟ್ಟವು. ಇವರಿಗೆಲ್ಲ ಉಸಿರಾಡೋದು ಹೇಗೆ ಅಂತ ಗೊತ್ತಿರಲಿಲ್ಲವಾ? ಮನೆಗೆ ಹೋಗೋಕೆ ಬಿಡ್ರೀ. ಹೊಸ ಜನ ತಗೊಳ್ಳಿ. ಆಗಲ್ಲ ಅಂದವನ ಮಾತು ಒಂದು ಸಲ ಪೂರ್ತಿ ಕೇಳಿ. ಇದಕ್ಕೆ ಶಿಬಿರ ಬೇಕಾ?

ಹಾಂ, ಈ ಸಲದ ಸರ್ವೆ ಫಲಿತಾಂಶ ಬಂದಿದೆ. 4.9. 'ನಾವೆಲ್ಲ ಒಂದೇ ಕುಟುಂಬ' ಅಂತ ಬಾಸ್ ಖುಷಿಯಿಂದ ಮೇಲ್ ಹಾಕಿದ್ದಾರೆ, ರಾತ್ರಿ 11.40ಕ್ಕೆ. ಉಳಿದ 0.1 ಯಾರದ್ದು ಅಂತ ಕೇಳಿಲ್ಲ. ನಾಳೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸ್ತಾರಂತೆ. ಸುಮ್ನೆ, ಹೀಗೇ.