ಹಾಲಿನ ಕವರಿನಲ್ಲಿ ಒಂದು ಕಾರ್ಡು

ನಮ್ಮ ಚಿಕ್ಕಮ್ಮನ ಆಯುಷ್ಮಾನ್ ಕಾರ್ಡು ಇರುವುದು ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ. ಜೊತೆಗೆ ರೇಷನ್ ಕಾರ್ಡು, ಆಧಾರಿನ ಜೆರಾಕ್ಸು. ಹೋದ ಮಳೆಗಾಲ ಕುಮಟಾದ ಮನೆಯಲ್ಲಿ ರಾತ್ರಿ ಎದೆ ಹಿಡಿದುಕೊಂಡು ಎದ್ದು ಕೂತವಳು ಮೊದಲು ಕೇಳಿದ್ದೇ, "ತಮಾ, ಕವರ್ ತಗಂಡ್ಯಾ?"

ತಗೊಂಡಿದ್ದೆ. ಆಸ್ಪತ್ರೆಯಲ್ಲಿ ಇಸಿಜಿ ನೋಡಿ, ನಾಲಿಗೆಯಡಿ ಒಂದು ಮಾತ್ರೆ ಇಟ್ಟು, "ತಡ ಮಾಡಬೇಡಿ, ಮಣಿಪಾಲಕ್ಕೆ ಹೊರಡಿ" ಅಂದರು. ಹೊನ್ನಾವರ, ಭಟ್ಕಳ, ಶಿರೂರು, ಬೈಂದೂರು, ಕುಂದಾಪುರ. 100 ಕಿಲೋಮೀಟರಿಗಿಂತ ಜಾಸ್ತಿ, ಸುರಿಯುವ ಮಳೆ. ಶಿರೂರು ಟೋಲ್ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತಿದ್ದು ಅಲ್ಲೇ. ಆಮೇಲೆ ಉತ್ತರ ಕನ್ನಡ ಜಿಲ್ಲೆಯವರೆಲ್ಲ ದೊಡ್ಡ ಆಸ್ಪತ್ರೆ ಬೇಕು ಅಂತ 'ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ' ಅಂತ ಬರೆದಿದ್ದೆವು, ನೆನಪಿದೆ ಅಲ್ವಾ?

ಕಾರ್ಡನ್ನು ನಾನು ಬೈಯುವುದಿಲ್ಲ. ಚಿಕ್ಕಮ್ಮನಿಗೆ ಸ್ಟೆಂಟ್ ಹಾಕಿದರು, ನಮ್ಮ ಕಡೆಯಿಂದ ಬಿಲ್ ಸೊನ್ನೆ. ಹಿಂದೆ ಅಪ್ಪನ ಆಪರೇಷನ್ ಆಗಿದ್ದೂ ಸಹಕಾರಿ ಸೊಸೈಟಿಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಗೆ ಕಂತು ಕಟ್ಟಿದ್ದರಿಂದಲೇ. ಇಲ್ಲದಿದ್ದರೆ ಅಡಿಕೆ ತೋಟ ಅಡ ಬೀಳುತ್ತಿತ್ತು. ಆಯುಷ್ಮಾನ್ ಕಾರ್ಡಿನಲ್ಲಿ 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2024ರಲ್ಲಿ ಕೇಂದ್ರ ಸರ್ಕಾರ 70 ತುಂಬಿದವರಿಗೆ ಆದಾಯವನ್ನೇ ಕೇಳದೆ ಕೊಡುವುದಾಗಿ ಹೇಳಿತು. ಒಳ್ಳೆಯದೇ. ಎಪಿಎಲ್‌ನವರ ಕಥೆ ಮಾತ್ರ ಬೇರೆ. ಸರ್ಕಾರ ಕೊಡುವುದು ಚಿಕಿತ್ಸೆಗೆ ಗೊತ್ತು ಮಾಡಿದ ಪ್ಯಾಕೇಜ್ ದರದ 30 ಪರ್ಸೆಂಟ್, ಉಳಿದಿದ್ದು ಕೈಯಿಂದ. ಎರಡೆಕರೆ ತೋಟ ಇದ್ದವನನ್ನು ಸಾಹುಕಾರ ಅಂತ ಯಾರು ಬರೆದುಕೊಂಡರೋ!

ನನ್ನ ತಕರಾರು ಲೆಕ್ಕ ಇಡುವ ರೀತಿಯ ಮೇಲೆ. ಎಷ್ಟು ಲಕ್ಷ ಕಾರ್ಡು ಹಂಚಿದೆವು ಅಂತ ಭಾಷಣದಲ್ಲಿ ಹೇಳುತ್ತಾರೆ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ಮೇಲಿನವನಿಗೆ ಹೃದಯದ ಡಾಕ್ಟರ್ ಎಷ್ಟು ಗಂಟೆ ದೂರ ಅಂತ ಯಾರೂ ಹೇಳುವುದಿಲ್ಲ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ಮಣಿಪಾಲಕ್ಕೆ. ಒಂದೇ ಜಿಲ್ಲೆ, ಮೂರು ದಿಕ್ಕಿಗೆ ಓಟ. 2016ರಲ್ಲಿ ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂತು, ಓಟ ನಿಲ್ಲಲಿಲ್ಲ.

ಇನ್ನೊಂದು ಮಾತು. ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗೆ ಯೋಜನೆಯ ಔಷಧಿ. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ 15 ದಿನಕ್ಕೆ ಮುಗಿಯುತ್ತದಾ? ಚಿಕ್ಕಮ್ಮ ತಿಂಗಳ ಮಾತ್ರೆಗೆ ಮಲ್ಲಿಗೆ ಮಾರಿದ ದುಡ್ಡು ತೆಗೆದಿಡುತ್ತಾಳೆ. ಮಳೆಗಾಲದಲ್ಲಿ ಹೂವು ಕಡಿಮೆ, ಆಗ ಒಂದು ದಿನ ಬಿಟ್ಟು ಒಂದು ದಿನ ನುಂಗಿದ್ದು ನಮಗೆ ಗೊತ್ತಾಗಿದ್ದು ಮೊನ್ನೆ.

ಈಗ ಹಾಲಿನ ಕವರಿನಲ್ಲಿ ಇನ್ನೊಂದು ಚೀಟಿ ಸೇರಿದೆ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರುವ ಕಾರಿನವನ ನಂಬರು.